ಮೈಲಿಗೆಯ ದಾರಿಯಲ್ಲೇ ಬಂದ ದೇವರು

ಡಿಸೆಂಬರ್ ಮೂರನೇ ವಾರ ಬಂತೆಂದರೆ ಹಾಸನದ ಬೇಕರಿಗಳ ಗಾಜಿನ ಕಪಾಟಿನಲ್ಲಿ ಪ್ಲಮ್ ಕೇಕು ಮುಂದಿನ ಸಾಲಿಗೆ ಬರುತ್ತದೆ. ಕೊಂಡೊಯ್ಯುವವರಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದವರೂ ಇರುತ್ತಾರೆ. ಕನ್ನಡ ನಾಡಿಗೆ ಬೇಕರಿಯ ರುಚಿ ಹತ್ತಿಸಿದ ಅಯ್ಯಂಗಾರರ ಬೇರು ಇರುವುದೇ ಈ ಜಿಲ್ಲೆಯಲ್ಲಿ. 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದವರು ಹಾಸನ ಸೀಮೆಯಿಂದ ಹೋದವರು. ಬ್ರೆಡ್ಡು, ಬನ್ನು, ಕೇಕು ಯಾವುದೂ ಅವರ ಅಡುಗೆಮನೆಯಲ್ಲಿ ಹುಟ್ಟಿದ್ದಲ್ಲ. ಮೊಟ್ಟೆ ಬಿಟ್ಟು, ತಮ್ಮ ಆಚಾರಕ್ಕೆ ಒಗ್ಗಿಸಿಕೊಂಡು ಮಾಡಿದರು; ಊರೂರೇ ತಿಂದಿತು.

ಕೇಕು ದಾಟಿ ಬಂದಷ್ಟು ಸಲೀಸಾಗಿ ಹಬ್ಬದ ಅರ್ಥ ದಾಟಿ ಬರಲಿಲ್ಲ. ಕಾಗದದ ನಕ್ಷತ್ರ ಅಂಗಡಿ ಮುಂದೆ ತೂಗುತ್ತದೆ, ಶಾಲೆಯ ಮಕ್ಕಳು ಕೆಂಪು ಟೋಪಿ ಹಾಕಿಕೊಂಡು ಕುಣಿಯುತ್ತಾರೆ, ಪಕ್ಕದ ಮನೆಯಿಂದ ಕರ್ಜಿಕಾಯಿ, ಚಕ್ಕುಲಿಯ ತಟ್ಟೆ ಬರುತ್ತದೆ. ದೇವರು ಮನುಷ್ಯನಾಗಿ ಹುಟ್ಟಿದ ಎಂಬ ಮಾತು ಬಂದೊಡನೆ ಮಾತ್ರ ಅದು ‘ಅವರ’ ನಂಬಿಕೆ, ಚರ್ಚಿನ ಕಾಂಪೌಂಡಿನೊಳಗಿನ ಸಂಗತಿ ಎಂದು ಎಲ್ಲರೂ ಮರ್ಯಾದೆಯಿಂದ ಹಿಂದೆ ಸರಿಯುತ್ತಾರೆ. ಕ್ರೈಸ್ತರೂ ಅದನ್ನು ಹಾಗೆಯೇ ಒಳಗಿಟ್ಟುಕೊಂಡಿದ್ದಾರೆ. ಕನ್ನಡ ಕ್ರೈಸ್ತರು ಮನುಷ್ಯಾವತಾರ ಎಂದು ಕರೆಯುವ ಈ ನಂಬಿಕೆಯಲ್ಲಿ ಹಾಸನದ, ಹೊಳೆನರಸೀಪುರದ, ಅರಕಲಗೂಡಿನ, ಚನ್ನರಾಯಪಟ್ಟಣದ ಪ್ರತಿಯೊಬ್ಬರಿಗೂ ಸಂಬಂಧಿಸಿದ ಒಂದು ಮಾತಿದೆ. ಯಾರೂ ಮತ ಬದಲಾಯಿಸದೆಯೇ ಅದನ್ನು ಕೇಳಿಸಿಕೊಳ್ಳಬಹುದು. ಸಮಾಜ ಯಾವುದನ್ನೆಲ್ಲ ಮೈಲಿಗೆ ಎಂದು ದೂರ ಇಟ್ಟಿತೋ ಅದೇ ದಾರಿಯಲ್ಲಿ ದೇವರು ಬಂದ ಎಂಬುದೇ ಆ ಮಾತು.

ಕಥೆಯನ್ನು ಕೇಕು, ನಕ್ಷತ್ರ ತೆಗೆದಿಟ್ಟು ನೋಡಬೇಕು. ಲೂಕನ ಸುವಾರ್ತೆಯ ಪ್ರಕಾರ ರೋಮ್ ಚಕ್ರವರ್ತಿ ಅಗಸ್ಟಸನ ಆಜ್ಞೆಯಂತೆ ಜನಗಣತಿ ನಡೆಯುತ್ತಿತ್ತು. ಹೆಸರು ಬರೆಸಲು ಬಡಗಿ ಜೋಸೆಫ್ ತುಂಬು ಗರ್ಭಿಣಿ ಮರಿಯಳನ್ನು ಕರೆದುಕೊಂಡು ನಜರೇತಿನಿಂದ ಬೆತ್ಲೆಹೇಮಿಗೆ ಹೊರಟ. ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಊರಿಗೆ ತಲುಪಿದಾಗ ತಂಗಲು ಜಾಗವಿಲ್ಲ. ಅಲ್ಲೇ ಹೆರಿಗೆಯಾಯಿತು, ಬಟ್ಟೆಯಲ್ಲಿ ಸುತ್ತಿದ ಕೂಸನ್ನು ದನ ಮೇವು ತಿನ್ನುವ ಗೋದಲಿಯಲ್ಲಿ ಮಲಗಿಸಿದರು. ತವರುಮನೆಯ ಆರೈಕೆ ಇಲ್ಲ, ಬಿಸಿನೀರು ಕಾಯಿಸಿಕೊಡುವ ಅತ್ತೆ ಇಲ್ಲ, ಬಾಣಂತಿ ಖಾರ ಅರೆಯುವವರಿಲ್ಲ. ಎತ್ತು, ಕತ್ತೆ ಪಕ್ಕದಲ್ಲಿದ್ದವೆಂದು ಬೈಬಲ್ ಎಲ್ಲೂ ಹೇಳುವುದಿಲ್ಲ. 1223ರಲ್ಲಿ ಇಟಲಿಯ ಗ್ರೆಚಿಯೊ ಎಂಬ ಹಳ್ಳಿಯಲ್ಲಿ ಸಂತ ಫ್ರಾನ್ಸಿಸ್ ನಿಜವಾದ ಎತ್ತು, ಕತ್ತೆ, ಹುಲ್ಲು ತರಿಸಿ ಹಬ್ಬ ಮಾಡಿದ. ಇಂದು ಚರ್ಚುಗಳಲ್ಲಿ ಕಟ್ಟುವ ಗೋದಲಿಯ ಸಂಪ್ರದಾಯ ಬೆಳೆದದ್ದು ಅಲ್ಲಿಂದ. ಹಾಸನದ ಕಡೆ ಆ ಗೋದಲಿಗೆ ಹಾಸಲು ಹುಲ್ಲು ಹುಡುಕಿ ಹೋಗಬೇಕಿಲ್ಲ. ರಾಗಿ ಕೊಯ್ಲು ಮುಗಿದು ಕಣದ ಕೆಲಸ ನಡೆಯುವ ಕಾಲವದು.

ಹೆರಿಗೆಯ ನಂತರದ ಭಾಗವನ್ನು ಹಬ್ಬದ ಗದ್ದಲದಲ್ಲಿ ಯಾರೂ ನೆನೆಯುವುದಿಲ್ಲ. ಯಹೂದ್ಯರ ಧರ್ಮಶಾಸ್ತ್ರದ ಪ್ರಕಾರ ಗಂಡು ಹೆತ್ತ ತಾಯಿಗೆ 40 ದಿನದ ಸೂತಕ. ಅದು ಕಳೆದ ಮೇಲೆ ದೇವಾಲಯಕ್ಕೆ ಕುರಿಮರಿ ಒಪ್ಪಿಸಿ ಶುದ್ಧಳಾಗಬೇಕು. ಕುರಿ ತರುವ ಶಕ್ತಿಯಿಲ್ಲದ ಬಡವರು ಎರಡು ಹಕ್ಕಿ ತಂದರೆ ಸಾಕು ಎಂಬ ರಿಯಾಯಿತಿ ಇತ್ತು. ಮರಿಯಳು ಆ ದಿನಗಳನ್ನು ಕಳೆದಳು, ಜೋಸೆಫ್ ಹಕ್ಕಿಗಳನ್ನು ಒಪ್ಪಿಸಿದ. ಕ್ರೈಸ್ತರ ನಂಬಿಕೆಯ ದೇವರು ಬಂದದ್ದು ಹೀಗೆ: ಹೆರಿಗೆಯ ನೋವಿನಲ್ಲಿ, ನೆತ್ತರಿನಲ್ಲಿ, ಸೂತಕದಲ್ಲಿ, ಬಡವರ ರಿಯಾಯಿತಿಯಲ್ಲಿ.

ಈ ಕಥೆಯಿಂದ ಹಾಸನದ ಪಕ್ಕದ ತುಮಕೂರು ಜಿಲ್ಲೆ ದೂರವೇನಲ್ಲ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಒಬ್ಬ ಬಾಣಂತಿಯನ್ನೂ ಹಸುಗೂಸನ್ನೂ ಸೂತಕದ ಹೆಸರಿನಲ್ಲಿ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಇರಿಸಲಾಗಿತ್ತು. ಮಳೆ, ಚಳಿಗಾಳಿಯ ದಿನಗಳು. ಮಗು ಉಳಿಯಲಿಲ್ಲ. ಸುದ್ದಿ ರಾಜ್ಯವನ್ನೆಲ್ಲ ಕಲಕಿತು, ಅಧಿಕಾರಿಗಳು ಹಟ್ಟಿಗೆ ಓಡಿದರು. ಆ ಹಟ್ಟಿಯ ಕಾಡುಗೊಲ್ಲರು ತಲೆತಲಾಂತರದಿಂದ ಕುರಿ, ದನ ಮೇಯಿಸಿಕೊಂಡು ಬಂದವರು. ಓದು, ಜಮೀನು, ಅಧಿಕಾರ ಮೂರೂ ತಡವಾಗಿ ತಲುಪಿದ ಸಮುದಾಯ. ಅವರ ಮೇಲೆ ಬೆರಳು ತೋರಿಸಿ ಕೈ ತೊಳೆದುಕೊಳ್ಳುವುದು ಸುಲಭ, ಆದರೆ ಅನ್ಯಾಯ. ಪಟ್ಟಣದ ಟೈಲ್ಸ್ ಹಾಕಿದ ಮನೆಗಳಲ್ಲೂ ಮುಟ್ಟಾದ ಸೊಸೆಗೆ ಬೇರೆ ಚಾಪೆ, ಬೇರೆ ಲೋಟ ಇರುವುದುಂಟು. ಗುಡಿಸಲು ಕಣ್ಣಿಗೆ ಬೀಳುತ್ತದೆ, ಚಾಪೆ ಬೀಳುವುದಿಲ್ಲ.

ಮನುಷ್ಯಾವತಾರದ ಅರ್ಥ ಎಲ್ಲರಿಗೂ ಏನು ಎಂದು ಕೇಳಿದರೆ ಉತ್ತರವನ್ನು ಆ ಗುಡಿಸಲಿನಿಂದಲೇ ಶುರು ಮಾಡಬೇಕು. ಹೆತ್ತ ಹೆಣ್ಣಿನ ಮೈ ದೇವರಿಗೆ ಮೈಲಿಗೆಯಾಗಲಿಲ್ಲ ಎಂದ ಮೇಲೆ ಯಾವ ಮನೆಗೆ, ಯಾವ ಹಟ್ಟಿಗೆ, ಯಾವ ಗುಡಿಗೆ ಅದು ಮೈಲಿಗೆಯಾದೀತು? ಕನ್ನಡಿಗರಿಗೆ ಇದು ಹೊರಗಿನಿಂದ ಬಂದ ಪ್ರಶ್ನೆಯೂ ಅಲ್ಲ. ಹನ್ನೆರಡನೇ ಶತಮಾನದ ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ನಿರಾಕರಿಸಿದರು. ಬೆತ್ಲೆಹೇಮೂ ಶರಣರ ಕಲ್ಯಾಣವೂ ಈ ಒಂದು ವಿಷಯದಲ್ಲಿ ಒಂದೇ ಪಕ್ಷ.

ಮುಂದೆ ಬೆಳೆದು ದೊಡ್ಡವನಾದ ಯೇಸು ಮಾಡಿದ್ದೂ ಅದನ್ನೇ. ಕುಷ್ಠರೋಗಿಯನ್ನು ದೂರದಿಂದ ಹರಸಿ ಕಳಿಸಲಿಲ್ಲ, ಕೈಚಾಚಿ ಮುಟ್ಟಿದ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿ, ಶಾಸ್ತ್ರದ ಕಣ್ಣಿನಲ್ಲಿ ಮುಟ್ಟಬಾರದವಳಾಗಿದ್ದ ಹೆಂಗಸು ಗುಂಪಿನಲ್ಲಿ ಹಿಂದಿನಿಂದ ಬಂದು ಅವನ ಬಟ್ಟೆ ಮುಟ್ಟಿದಾಗ ಗದರಲಿಲ್ಲ, ಮಗಳೇ ಎಂದ. ಗೋದಲಿಯಲ್ಲಿ ಶುರುವಾದದ್ದು ಹೀಗೆ ಬೀದಿಯಲ್ಲಿ ಮುಂದುವರಿಯಿತು. ಗೋದಲಿಯನ್ನು ಮಾತ್ರ ಅಲಂಕರಿಸಿ ಬೀದಿಯನ್ನು ಮರೆತರೆ ಹಬ್ಬ ಅರ್ಧಕ್ಕೇ ನಿಂತಂತೆ.

ಹುಟ್ಟಿನ ಸುದ್ದಿ ಮೊದಲು ಮುಟ್ಟಿದ್ದು ಯಾರಿಗೆ ಎಂಬುದನ್ನೂ ಗಮನಿಸಬೇಕು. ಅರಮನೆಗಲ್ಲ, ದೇವಾಲಯಕ್ಕಲ್ಲ, ರಾತ್ರಿ ಬಯಲಿನಲ್ಲಿ ಹಿಂಡು ಕಾಯುತ್ತಿದ್ದ ಕುರುಬರಿಗೆ. ಚನ್ನರಾಯಪಟ್ಟಣ, ಅರಸೀಕೆರೆ ಕಡೆಯವರಿಗೆ ಈ ದೃಶ್ಯ ವಿವರಿಸಬೇಕಾಗಿಲ್ಲ. ಕೊಯ್ಲಾದ ಹೊಲದಲ್ಲಿ ಕುರಿ ಮಂದೆ ನಿಲ್ಲಿಸುತ್ತಾರೆ; ಹಿಕ್ಕೆ ಹೊಲಕ್ಕೆ ಗೊಬ್ಬರ, ಅದಕ್ಕೆ ಪ್ರತಿಯಾಗಿ ಕುರಿಯವರಿಗೆ ದುಡ್ಡೋ ದವಸವೋ. ರಾತ್ರಿಯಿಡೀ ಕಂಬಳಿ ಹೊದ್ದು ಮಂದೆಯ ಅಂಚಿನಲ್ಲಿ ಕೂರುವವನು ನಾಯಿ ಬೊಗಳಿದರೆ ಏಳಬೇಕು, ಮರಿ ಹಾಕುವ ಕುರಿಯನ್ನು ಬೇರೆ ಕಟ್ಟಬೇಕು, ಮೋಡ ಕಂಡರೆ ಜಾಗ ಬದಲಿಸಬೇಕು. ಮಾಗಿಯ ಚಳಿ ಹಾಸನದಲ್ಲಿ ಸಣ್ಣದಲ್ಲ, ಊರು ಇರುವುದೇ ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿ. ಅಂಥವನ ಸಾಕ್ಷಿಯನ್ನು ಪಂಚಾಯಿತಿ ಕಟ್ಟೆ ಕೇಳುವುದು ಕೊನೆಗೆ. ಸುವಾರ್ತೆ ಅವನನ್ನು ಮೊದಲ ಸಾಕ್ಷಿ ಮಾಡಿತು.

ಅವತಾರ ಎಂದರೆ ಈ ಸೀಮೆಗೆ ಗೊತ್ತಿಲ್ಲದ್ದೇನಲ್ಲ. 1117ರ ಬೇಲೂರಿನ ಚನ್ನಕೇಶವ ಗುಡಿಯ ಗೋಡೆಯ ಮೇಲೆ ವರಾಹ, ನರಸಿಂಹ, ವಾಮನರು ಕಲ್ಲಾಗಿ ನಿಂತಿದ್ದಾರೆ. ಹೊಳೆನರಸೀಪುರ ತನ್ನ ಹೆಸರನ್ನೇ ನರಸಿಂಹನಿಂದ ಪಡೆದಿದೆ. ಹಿರಣ್ಯಕಶಿಪುವಿನ ಕಂಬ ಒಡೆದು ಬಂದ ಆ ದೇವರಿಗೆ ಬಾಲ್ಯವಿಲ್ಲ, ತೊಟ್ಟಿಲಿಲ್ಲ. ಕೆಲಸ ಮುಗಿಸಲೆಂದು ಉಗ್ರನಾಗಿ ಬಂದ. ಕೃಷ್ಣನ ಕಥೆ ಬೇರೆ. ಸೆರೆಮನೆಯಲ್ಲಿ ದೇವಕಿಯ ಹೊಟ್ಟೆಯಲ್ಲಿ ಹುಟ್ಟಿ, ರಾತ್ರೋರಾತ್ರಿ ಹೊಳೆ ದಾಟಿ, ದನ ಕಾಯುವವರ ಮನೆ ಸೇರಿದ. ಕೂಸುಗಳನ್ನು ಕೊಲ್ಲಿಸುವ ಕಂಸ ಅಲ್ಲಿದ್ದಾನೆ, ಬೆತ್ಲೆಹೇಮಿನ ಕಥೆಯಲ್ಲಿ ಹೆರೋದನಿದ್ದಾನೆ. ಯಶೋದೆಯ ಮಡಿಲಿನ ಮಗುವನ್ನು ದೇವರೆಂದು ಮುದ್ದಿಸಿ ಹಾಡಿದ ದಾಸರ ನಾಡಿಗೆ ಮರಿಯಳ ಮಡಿಲಿನ ಮಗು ಅಪರಿಚಿತವಾಗಬೇಕಾದ ಕಾರಣವೇ ಇಲ್ಲ.

ಹಾಗೆಂದು ಎರಡೂ ಒಂದೇ ಎಂದು ಬಿಡುವುದು ಪ್ರಾಮಾಣಿಕತೆಯಲ್ಲ. ಹೊಳೆನರಸೀಪುರದಲ್ಲಿಯೇ ಇರುವ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ, ಸಚ್ಚಿದಾನಂದೇಂದ್ರ ಸರಸ್ವತಿ ಸ್ವಾಮಿಗಳ ದುಡಿಮೆಯಿಂದ ಶಂಕರ ಭಾಷ್ಯಗಳನ್ನು ಕನ್ನಡಕ್ಕೆ ತಂದುಕೊಟ್ಟ ಸಂಸ್ಥೆ. ಶಂಕರರು ಗೀತಾಭಾಷ್ಯದ ಪೀಠಿಕೆಯಲ್ಲಿ, ಹುಟ್ಟಿಲ್ಲದ ಭಗವಂತ ತನ್ನ ಮಾಯೆಯಿಂದ ದೇಹವುಳ್ಳವನಂತೆ, ಹುಟ್ಟಿದವನಂತೆ ತೋರುತ್ತಾನೆ ಎಂಬ ನಿಲುವು ತಳೆಯುತ್ತಾರೆ. ಅದ್ವೈತದ ತರ್ಕಕ್ಕೆ ಅದು ಸರಿಯಾಗಿಯೇ ಇದೆ. ಕ್ರೈಸ್ತರಲ್ಲೂ ಆರಂಭದ ಶತಮಾನಗಳಲ್ಲಿ ಕ್ರಿಸ್ತನ ಮೈ ಬರೀ ತೋರಿಕೆ ಎಂದವರಿದ್ದರು. ಚರ್ಚು ಅದನ್ನು ಒಪ್ಪಲಿಲ್ಲ. 325ರ ನೈಸಿಯ ಸಭೆ ಅವನು ನಿಜ ದೇವರೆಂದಿತು, 451ರ ಕ್ಯಾಲ್ಸೆಡನ್ ಸಭೆ ನಿಜ ದೇವರೂ ನಿಜ ಮನುಷ್ಯನೂ ಹೌದೆಂದು ಇತ್ಯರ್ಥ ಮಾಡಿತು. ಇಷ್ಟು ಹಟ ಯಾಕೆ? ಹಸಿವು ತೋರಿಕೆಯಾದರೆ ಹಸಿದವನಿಗೆ ಅದರಿಂದ ಸಮಾಧಾನವಿಲ್ಲ, ಗಾಯ ತೋರಿಕೆಯಾದರೆ ಪೆಟ್ಟು ತಿಂದವನಿಗೆ ಅವನು ನೆಂಟನಲ್ಲ. ಮೈ ನಿಜವಾಗಿರಬೇಕು ಎಂಬುದರ ಮೇಲೆ ಇಡೀ ನಂಬಿಕೆ ನಿಂತಿದೆ.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳ ಇನ್ನೊಂದು ದಿಕ್ಕಿನಿಂದ ಮಾತಾಡುತ್ತದೆ. 981ರ ಸುಮಾರಿಗೆ ಚಾವುಂಡರಾಯ ನಿಲ್ಲಿಸಿದ ಸುಮಾರು 58 ಅಡಿಯ ಗೊಮ್ಮಟ ಇಳಿದು ಬಂದ ದೇವರಲ್ಲ, ಏರಿ ನಿಂತ ಮನುಷ್ಯ. ಜೈನರಿಗೆ ಸೃಷ್ಟಿಕರ್ತ ದೇವರೇ ಇಲ್ಲ. ಅಣ್ಣ ಭರತನನ್ನು ಗೆದ್ದ ಗಳಿಗೆಯಲ್ಲೇ ರಾಜ್ಯ ಬಿಟ್ಟ ಬಾಹುಬಲಿ ಮೈಮೇಲೆ ಒಂದೆಳೆಯನ್ನೂ ಉಳಿಸಿಕೊಳ್ಳಲಿಲ್ಲ. ಇಳಿದು ಬಂದ ಕೂಸೂ ಏರಿ ಹೋದ ಯೋಗಿಯೂ ಬತ್ತಲೆ. ಕಿರೀಟ, ಕತ್ತಿ, ಖಜಾನೆ ಯಾವುದೂ ಇಲ್ಲದ ಮನುಷ್ಯನ ಬರಿ ಮೈ ಪೂಜೆಗೆ ತಕ್ಕದ್ದು ಎಂದು ಎರಡು ಪರಂಪರೆಗಳೂ ಹೇಳಿದವು. ಸಿದ್ಧಾಂತದಲ್ಲಿ ಅವುಗಳ ನಡುವೆ ಸಾಗರದಷ್ಟು ಅಂತರ ಇರಬಹುದು. ಬಡವನ ಬರಿ ಮೈಯನ್ನು ಹೀನವಾಗಿ ಕಾಣುವವನಿಗೆ ಎರಡರಲ್ಲೂ ಜಾಗವಿಲ್ಲ.

ಕ್ರೈಸ್ತ ಧರ್ಮ ಹಾಸನಕ್ಕೆ ಹೇಗೆ ಬಂತೆಂಬ ಚರಿತ್ರೆಯಲ್ಲೂ ಮೈ ಮತ್ತು ಮೈಲಿಗೆಯ ಈ ಎಳೆದಾಟ ಇದೆ. ಟಿಪ್ಪುವಿನ ಕಾಲ ಮುಗಿದ ಮೇಲೆ ಚದುರಿಹೋಗಿದ್ದ ಮೈಸೂರು ಸೀಮೆಯ ಕಥೋಲಿಕರನ್ನು ಒಟ್ಟುಗೂಡಿಸಲು ಬಂದವನು ಫ್ರೆಂಚ್ ಪಾದ್ರಿ ಅಬ್ಬೆ ದುಬೊಯ್. 1792ರಲ್ಲಿ ಭಾರತಕ್ಕೆ ಬಂದವನು 1823ರವರೆಗೆ ಇಲ್ಲೇ ಇದ್ದ. ದೇಸಿ ಉಡುಪು ತೊಟ್ಟ, ಇಲ್ಲಿನ ಊಟ, ಇಲ್ಲಿನ ನಡೆನುಡಿ ಕಲಿತ. ಜನ ಅವನನ್ನು ದೊಡ್ಡ ಸ್ವಾಮಿಯವರು ಎನ್ನುತ್ತಿದ್ದರಂತೆ. ಹಾಸನದ ಬಳಿ ಬೇಸಾಯಗಾರ ಕ್ರೈಸ್ತರ ಒಂದು ವಸತಿಯನ್ನು ನೆಲೆಗೊಳಿಸಿದ. ಆದರೆ ಅವನು ಮಾಡಿದ ದೊಡ್ಡ ಕೆಲಸ ಸಿಡುಬಿನದು. ವೈದ್ಯ ಜೆನ್ನರನ ಸಿಡುಬಿನ ಲಸಿಕೆ ಭಾರತಕ್ಕೆ ಬಂದದ್ದು 1802ರಲ್ಲಿ. 1803-04ರ ಸುಮಾರಿನಲ್ಲಿ ದುಬೊಯ್ ಮೈಸೂರು ಸೀಮೆಯಲ್ಲಿ 25 ಸಾವಿರಕ್ಕೂ ಹೆಚ್ಚು ಜನರಿಗೆ ಆ ಲಸಿಕೆ ಹಾಕಿಸಿದ.

ಆ ಕಾಲದ ಲಸಿಕೆ ಈಗಿನಂತೆ ಸೀಸೆಯಲ್ಲಿ ಬರುತ್ತಿರಲಿಲ್ಲ. ಒಬ್ಬನ ತೋಳಿಗೆ ಹಾಕಿದ ಮದ್ದು ಕೆಲವು ದಿನಕ್ಕೆ ಗುಳ್ಳೆಯಾಗಿ ರಸ ತುಂಬುತ್ತಿತ್ತು. ಆ ರಸವನ್ನೇ ಸೂಜಿಯ ಮೊನೆಯಲ್ಲಿ ತೆಗೆದು ಮುಂದಿನವನ ತೋಳಿಗೆ ಗೀರಬೇಕು. ತೋಳಿನಿಂದ ತೋಳಿಗೆ ಸಾಗುವ ಸರಪಳಿ ಅದು. ಯಾವ ಜಾತಿಯವನ ಮೈಯ ರಸ ಯಾವ ಜಾತಿಯವನ ಮೈ ಸೇರುತ್ತದೆ ಎಂಬ ಆತಂಕ ಭಾರತದ ಉದ್ದಗಲಕ್ಕೂ ಲಸಿಕೆಗೆ ಅಡ್ಡ ಬಂದದ್ದು ದಾಖಲಾದ ಸಂಗತಿ. ಆ ಆತಂಕವನ್ನು ದಾಟಿ ತೋಳು ಒಡ್ಡಿದ ತಾಯಂದಿರ ಮಕ್ಕಳು ಬದುಕಿಕೊಂಡರು.

ದುಬೊಯ್‌ನನ್ನು ಸಂತನನ್ನಾಗಿ ಮಾಡಬೇಕಿಲ್ಲ. ಹಿಂದೂಗಳ ಆಚಾರ ವಿಚಾರಗಳ ಬಗ್ಗೆ ಅವನ ಹೆಸರಿನಲ್ಲಿ ಬಂದ ಪ್ರಸಿದ್ಧ ಪುಸ್ತಕದಲ್ಲಿ ಈ ನಾಡಿನ ಬಗ್ಗೆ ಕಟುವಾದ, ಎಷ್ಟೋ ಕಡೆ ಅನ್ಯಾಯದ ಮಾತುಗಳಿವೆ. ಅದರ ಬಹುಭಾಗಕ್ಕೆ ಹಿಂದಿನ ಜೆಸ್ವಿಟ್ ಪಾದ್ರಿ ಕೂರ್ದೂನ ಬರಹವೇ ಆಧಾರ ಎಂದು ಸಂಶೋಧಕರು ತೋರಿಸಿದ್ದಾರೆ. ಜಾತಿ ವ್ಯವಸ್ಥೆಯನ್ನು ಅವನು ಹೊಗಳಿ ಸಮರ್ಥಿಸಿದ. ಹಿಂದೂಗಳನ್ನು ಮತಾಂತರ ಮಾಡುವುದು ಆಗದ ಮಾತು ಎಂದು 1823ರಲ್ಲಿ ಬರೆದು ಪ್ರಕಟಿಸಿದ. ಪುಸ್ತಕದಲ್ಲಿ ಜಾತಿಯನ್ನು ಹೊಗಳಿದವನ ಸೂಜಿಯ ಮೊನೆ ಜಾತಿ ಕೇಳಲಿಲ್ಲ. ಅವನ ಸಿದ್ಧಾಂತಕ್ಕಿಂತ ಅವನ ಕೈ ಮನುಷ್ಯಾವತಾರಕ್ಕೆ ಹತ್ತಿರವಿತ್ತು ಎನ್ನದೆ ವಿಧಿಯಿಲ್ಲ.

ಗೊರೂರಿನ ಸಮೀಪದ ಶೆಟ್ಟಿಹಳ್ಳಿಯ ಪಾಳು ಚರ್ಚನ್ನು ಅನೇಕರು ದುಬೊಯ್ ಕಟ್ಟಿಸಿದ್ದೆಂದು ಹೇಳುವುದುಂಟು. ಅವನು 1848ರಲ್ಲೇ ತೀರಿಕೊಂಡಿದ್ದ. ಆ ಗಾಥಿಕ್ ಶೈಲಿಯ ಕಟ್ಟಡವನ್ನು ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು 1860ರ ದಶಕದಲ್ಲಿ. ಹೇಮಾವತಿಗೆ ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿಯಿತು. 37 ಟಿಎಂಸಿ ನೀರು ಹಿಡಿಯುವ ಜಲಾಶಯದಲ್ಲಿ ಹೊಲ, ಮನೆ, ಗುಡಿ, ಚರ್ಚು ಎಲ್ಲ ಮುಳುಗಿದವು. ಜನ ಎದ್ದು ಹೋದರು. ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಮೇಲೇಳುವ ಆ ಗೋಡೆಗಳನ್ನು ನೋಡಲು ಬೆಂಗಳೂರಿನಿಂದ ಕಾರುಗಳು ಬರುತ್ತವೆ, ಜೋಡಿಗಳು ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳುತ್ತಾರೆ. ಗೋಡೆಯ ಚಿತ್ರಗಳು ಸಾವಿರಗಟ್ಟಲೆ ಸಿಗುತ್ತವೆ. ಗೋಡೆಯೊಳಗೆ ನಾಮಕರಣವಾದವರು, ಅಲ್ಲಿ ಮದುವೆಯಾದವರು, ಅಕ್ಕಪಕ್ಕದ ಹಳ್ಳಿಗಳಲ್ಲಿ ಮಾರಮ್ಮನ ಗುಡಿಯನ್ನೂ ನೀರಿಗೆ ಬಿಟ್ಟು ಹೋದವರು ಎಲ್ಲಿದ್ದಾರೆ, ಹೇಗಿದ್ದಾರೆ ಎಂದು ಕೇಳುವವರು ಕಡಿಮೆ. ಹೇಮಾವತಿ ಸಂತ್ರಸ್ತರ ಜಮೀನಿನ ಕಡತಗಳ ತಕರಾರು ಹಾಸನದವರಿಗೆ ಹೊಸದಲ್ಲ. ನೆಲೆ ಕಳೆದುಕೊಂಡ ಮನುಷ್ಯರಿಗಿಂತ ಕಲ್ಲಿನ ಗೋಡೆ ಪವಿತ್ರವೆನ್ನುವುದಾದರೆ ಗೋದಲಿ ಕಟ್ಟುವ ಶ್ರಮ ದಂಡ. ಗೋದಲಿಯ ಆ ಕೂಸೂ ಮುಂದೆ ಹೆರೋದನ ಕತ್ತಿಗೆ ಹೆದರಿ ಈಜಿಪ್ಟಿಗೆ ಓಡಿದ ನಿರಾಶ್ರಿತ ಕುಟುಂಬದ್ದೇ. 2023ರ ಕ್ರಿಸ್‌ಮಸ್‌ಗೆ ಬೆತ್ಲೆಹೇಮಿನ ಲೂಥರನ್ ಚರ್ಚಿನವರು ಹುಲ್ಲಿನ ಬದಲು ಒಡೆದ ಕಾಂಕ್ರೀಟಿನ ರಾಶಿಯಲ್ಲಿ ಯೇಸುಕೂಸನ್ನು ಮಲಗಿಸಿದ್ದರು. ಗಾಜಾದಲ್ಲಿ ಮಕ್ಕಳು ಅಂಥ ರಾಶಿಗಳಡಿಯೇ ಸಾಯುತ್ತಿದ್ದರು.

ಮೈಲಿಗೆಯ ಮಾತಿಗೆ ಮರಳಿದರೆ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯ ಹೆಸರು ಎತ್ತದೆ ಮುಂದೆ ಹೋಗುವಂತಿಲ್ಲ. 2015ರಲ್ಲಿ ಅಲ್ಲಿನ ಬಸವೇಶ್ವರ ದೇವಸ್ಥಾನದೊಳಗೆ ದಲಿತ ಮಹಿಳೆಯರು ಕಾಲಿಟ್ಟದ್ದಕ್ಕೆ ದಂಡ ಹಾಕಿದ ಸುದ್ದಿ ಬಂದು ದೊಡ್ಡ ವಿವಾದವಾಯಿತು. ಐದು ಸೂತಕಗಳನ್ನು ನಿರಾಕರಿಸಿದ ಬಸವಣ್ಣನ ಹೆಸರಿನ ಗುಡಿಯಲ್ಲಿ ಜಾತಿಸೂತಕ! ಆದರೆ ಇದನ್ನು ಬರೆದ ಕೂಡಲೇ ಚರ್ಚಿನ ಕಡೆಗೂ ತಿರುಗಬೇಕು. ದಕ್ಷಿಣ ಭಾರತದ ಎಷ್ಟೋ ಚರ್ಚುಗಳಲ್ಲಿ ದಲಿತ ಕ್ರೈಸ್ತರಿಗೆ ಬೇರೆ ಸಾಲು, ಬೇರೆ ಸ್ಮಶಾನ ಇದ್ದವು. ಭಾರತದ ಕಥೋಲಿಕ ಬಿಷಪ್ಪರ ಮಂಡಳಿ 2016ರ ಡಿಸೆಂಬರಿನಲ್ಲಿ ಹೊರಡಿಸಿದ ದಲಿತ ಸಬಲೀಕರಣ ನೀತಿಯಲ್ಲಿ ಅಸ್ಪೃಶ್ಯತೆ ಚರ್ಚಿನೊಳಗೂ ಇದೆ ಎಂದು ತಾನೇ ಒಪ್ಪಿಕೊಂಡಿತು. 2025ರ ಸೆಪ್ಟೆಂಬರಿನಲ್ಲಿ ಶುರುವಾದ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ಪಟ್ಟಿಯಲ್ಲಿ ಕುರುಬ ಕ್ರಿಶ್ಚಿಯನ್, ಒಕ್ಕಲಿಗ ಕ್ರಿಶ್ಚಿಯನ್ ಎಂಬಂಥ ಹೆಸರುಗಳು ಕಾಣಿಸಿಕೊಂಡು ಗದ್ದಲವೆದ್ದಿತು. ಕೊನೆಗೆ ಅವನ್ನು ಮರೆಮಾಡಲಾಯಿತು. ಪಟ್ಟಿಯಿಂದ ಹೆಸರು ಮರೆಯಾದರೆ ಮನಸ್ಸಿನಿಂದ ಜಾತಿ ಹೋಗುವುದಿಲ್ಲ, ಅದು ಗುಡಿಯಲ್ಲಾಗಲಿ ಚರ್ಚಿನಲ್ಲಾಗಲಿ. ಗಣತಿಯ ಕಾಲದಲ್ಲಿ ಹುಟ್ಟಿದ ಆ ಮಗುವನ್ನು ಯಾವ ಕಾಲಂನಲ್ಲಿ ಬರೆದುಕೊಂಡರೋ, ಸುವಾರ್ತೆ ಹೇಳುವುದಿಲ್ಲ.

ಎಲ್ಲರಿಗೂ ಕ್ರಿಸ್ತನ ಹುಟ್ಟಿನ ಅರ್ಥ ಎಂದರೆ ಎಲ್ಲರನ್ನೂ ಕ್ರೈಸ್ತರನ್ನಾಗಿಸುವ ಹುನ್ನಾರ ಎಂದು ಶಂಕಿಸುವವರಿದ್ದಾರೆ. ಶಂಕೆಗೆ ಉತ್ತರ ಕನ್ನಡದ ಅನುಭವದಲ್ಲೇ ಇದೆ. ಮಂಜೇಶ್ವರದ ಗೋವಿಂದ ಪೈಗಳು ಯೇಸುವಿನ ಕೊನೆಯ ದಿನವನ್ನು ‘ಗೊಲ್ಗೊಥಾ’ ಖಂಡಕಾವ್ಯವಾಗಿ ಬರೆದರು. ಬುದ್ಧನ ಕೊನೆಯ ದಿನಗಳ ಬಗ್ಗೆ ಬರೆದವರೂ ಅವರೇ. ಯೇಸುವಿನ ಬಗ್ಗೆ ಬರೆಯಲು ಅವರು ಮತ ಬಿಡಬೇಕಾಗಲಿಲ್ಲ, ಓದುಗರಿಗೂ ಬಿಡಬೇಕೆನಿಸಲಿಲ್ಲ. ಇತ್ತ ಜರ್ಮನಿಯ ಕಿಟ್ಟೆಲ್ 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ಹಾಡಿದ, ಅವನ 1894ರ ನಿಘಂಟನ್ನು ಇಂದಿಗೂ ಎಲ್ಲ ಮತದವರೂ ತಿರುವಿಹಾಕುತ್ತಾರೆ. ರಾಮಕೃಷ್ಣ ಆಶ್ರಮಗಳಲ್ಲಿ ಡಿಸೆಂಬರ್ 24ರ ಸಂಜೆ ಯೇಸುವಿನ ಚಿತ್ರವಿಟ್ಟು ಪೂಜಿಸುತ್ತಾರೆ. 1886ರ ಅದೇ ರಾತ್ರಿ ಬಂಗಾಳದ ಆಂಟ್‌ಪುರದಲ್ಲಿ ಮುಂದೆ ವಿವೇಕಾನಂದರಾದ ನರೇಂದ್ರ ಮತ್ತು ಗೆಳೆಯರು ಧುನಿಯ ಸುತ್ತ ಕೂತು ಸಂನ್ಯಾಸದ ಸಂಕಲ್ಪ ಮಾಡಿದ ನೆನಪಿಗೆ ನಡೆದು ಬಂದ ರೂಢಿ ಅದು. ಇವರಲ್ಲಿ ಯಾರೂ ತಮ್ಮ ಮತ ಬಿಟ್ಟು ಹೋಗಲಿಲ್ಲ. ಇನ್ನೊಬ್ಬರ ಮನೆಯ ಕೂಸನ್ನು ಎತ್ತಿಕೊಂಡರು, ಅಷ್ಟೆ.

ಮಗುವನ್ನು ಎತ್ತಿಕೊಳ್ಳುವ ಕೆಲಸ ಹಾಸನದಲ್ಲಿ ದಿನವೂ ನಡೆಯುತ್ತದೆ. ಮೆಥೊಡಿಸ್ಟ್ ಮಿಷನ್ನಿನ ಕಾಲದಿಂದ ಬಂದು ಈಗ ಚರ್ಚ್ ಆಫ್ ಸೌತ್ ಇಂಡಿಯಾ (ಸಿಎಸ್‌ಐ) ನಡೆಸುವ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆ ಊರಿನವರಿಗೆಲ್ಲ ಗೊತ್ತು. ಇಂದು ಸರ್ಕಾರದ ದೊಡ್ಡ ಆಸ್ಪತ್ರೆ, ಖಾಸಗಿ ನರ್ಸಿಂಗ್ ಹೋಮುಗಳು ಬಂದಿವೆ; ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದಿಂದ ಕಷ್ಟದ ಹೆರಿಗೆಗಳು ಮೂವತ್ತು, ನಲವತ್ತು ಕಿಲೋಮೀಟರ್ ದಾಟಿ ಆಂಬುಲೆನ್ಸಿನಲ್ಲಿ ಹಾಸನಕ್ಕೆ ಬರುತ್ತವೆ. ಒಳಗೆ ಬಾಣಂತಿಗೆ ಮಂಚ ಸಿಗುತ್ತದೆ. ಜತೆಗೆ ಬಂದ ತಾಯಿ, ಅತ್ತಿಗೆ, ಗಂಡ ಎಲ್ಲಿ ಮಲಗುತ್ತಾರೆ? ರಾಜ್ಯದ ಯಾವುದೇ ಜಿಲ್ಲಾ ಕೇಂದ್ರದಲ್ಲಿ ರಾತ್ರಿ ಹತ್ತರ ಮೇಲೆ ದೊಡ್ಡ ಆಸ್ಪತ್ರೆಯ ಕಾರಿಡಾರಿನಲ್ಲಿ ನಡೆದವರಿಗೆ ಗೊತ್ತು: ಗೋಡೆಗೆ ಒರಗಿಸಿದ ಪ್ಲಾಸ್ಟಿಕ್ ಚೀಲ, ಅದರಲ್ಲಿ ಹಳೆ ಸೀರೆಯ ತುಂಡು, ಫ್ಲಾಸ್ಕು, ಟೊಪ್ಪಿಗೆ, ಪಕ್ಕದಲ್ಲಿ ಚಾಪೆಯೂ ಇಲ್ಲದೆ ಮಂಡಿ ಮಡಚಿ ಮಲಗಿದ ಹೆಂಗಸು, ಹೆಸರು ಕೂಗಿದರೆ ಏಳಬೇಕೆಂದು ಅರೆನಿದ್ದೆಯಲ್ಲೇ ಇರುವವಳು. ತಂಗಲು ಜಾಗವಿಲ್ಲದೆ ಊರಿಗೆ ಬಂದ ಕುಟುಂಬದ ಕಥೆಯನ್ನು ವರ್ಷಕ್ಕೊಮ್ಮೆ ನೆನೆಯುವ ಚರ್ಚುಗಳು ಈ ಕಾರಿಡಾರನ್ನು ಮರೆಯಬಾರದು.

ಚಿಕ್ಕಮಗಳೂರು ಧರ್ಮಕ್ಷೇತ್ರದ ಹಾಸನ ಜಿಲ್ಲೆಯ ಚರ್ಚುಗಳೂ ಸಿಎಸ್‌ಐ ಸಭೆಗಳೂ ಸೇರಿ ಈ ಡಿಸೆಂಬರಿನಿಂದ ಒಂದು ಕೆಲಸ ಹಿಡಿಯಬಹುದು. ಆಸ್ಪತ್ರೆಗಳಿಗೆ ಹತ್ತಿರವಾಗಿ, ಹೆರಿಗೆಗೆ ಬಂದವರ ಜತೆಗಾರರಿಗೆ ರಾತ್ರಿ ಮಲಗಲು ಒಂದು ಕೋಣೆ, ಕಂಬಳಿ, ಬಿಸಿನೀರು. ಚರ್ಚಿನ ಸಭಾಂಗಣಗಳು ವಾರದಲ್ಲಿ ಹಲವು ದಿನ ಖಾಲಿಯೇ ಇರುತ್ತವೆ. ಜಾತಿ, ಮತ ಕೇಳದ ಜಾಗ ಅದಾಗಬೇಕು. ಪ್ರಾರ್ಥನೆಯ ಪುಸ್ತಕ ಕೈಗಿಡುವ ಜಾಗವಾಗಬಾರದು. ದೇವಸ್ಥಾನದ ಟ್ರಸ್ಟುಗಳು, ಮಠಗಳು, ಬಸದಿಗಳು, ಮಸೀದಿಗಳ ಕಮಿಟಿಗಳು ಕೈಜೋಡಿಸಿದರೆ ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ನಾಲ್ಕೂ ತಾಲ್ಲೂಕುಗಳ ಆಸ್ಪತ್ರೆಗಳಿಗೆ ಇದು ವಿಸ್ತರಿಸೀತು. ದಲಿತ ಸಬಲೀಕರಣದ 2016ರ ನೀತಿಯನ್ನು ಕಥೋಲಿಕರು ತಮ್ಮ ಸ್ಮಶಾನದಿಂದ, ಪಾಲನಾ ಸಮಿತಿಯಿಂದ ಜಾರಿ ಮಾಡಲು ತೊಡಗಿದರೆ ಹೊರಗಿನವರಿಗೆ ಅವರ ಮಾತಿನಲ್ಲಿ ನಂಬಿಕೆ ಬರುತ್ತದೆ. ಓದುಗರಲ್ಲಿ ಕೇಳಿಕೊಳ್ಳುವುದು ಇನ್ನೂ ಸಣ್ಣದು. ನಿಮ್ಮ ಊರಿನಲ್ಲಿ, ಹಟ್ಟಿಯಲ್ಲಿ ಈ ಚಳಿಗಾಲದಲ್ಲಿ ಹೆತ್ತ ಹೆಣ್ಣುಮಗಳು ಮನೆಯ ಒಳಗಿದ್ದಾಳೋ ಹೊರಗಿದ್ದಾಳೋ ವಿಚಾರಿಸಿ. ಹೊರಗಿದ್ದರೆ ಊರಿನ ಆಶಾ ಕಾರ್ಯಕರ್ತೆಗೆ ಅಂದೇ ತಿಳಿಸಿ, ಅವಳ ಜತೆ ನೀವೂ ಆ ಬಾಗಿಲಿಗೆ ಹೋಗಿ ಮಾತಾಡಿ.